ವಾರಿಜಾಕ್ಷಿ ಬಿಟ್ಟುಕೊಡದ ಎರಡು ಕಾಲಂ

ನಾಸಿಕದ ನಮ್ಮ ಕಂಪನಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅದನ್ನು ನೋಡಲು ಬಂದವರು ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೈಮುಗಿಯುತ್ತಿದ್ದರು. ಯಂತ್ರಕ್ಕೆ ಧೂಳು ಆಗುತ್ತಿರಲಿಲ್ಲವಾದ್ದರಿಂದ ಚಪ್ಪಲಿ ಬಿಡುವುದು ಕಡ್ಡಾಯ. ಕೈಮುಗಿಯಿರಿ ಎಂದು ಯಾರೂ ಹೇಳಿರಲಿಲ್ಲ. ವಾರಿಜಾಕ್ಷಿ ಚಪ್ಪಲಿ ಬಿಡುತ್ತಿದ್ದರು, ಆದರೆ ಕೈಮುಗಿಯುವವರನ್ನು ಕಂಡರೆ ಅವರಿಗೆ ರೇಗುತ್ತಿತ್ತು.

"ಇದು ಹೇಳಿದ್ದನ್ನು ಮಾಡುವ ಡಬ್ಬ. ತಪ್ಪು ಹೇಳಿದರೆ ತಪ್ಪನ್ನೇ ಮಾಡ್ತದೆ, ಅದೂ ಬಹಳ ಬೇಗ ಮಾಡ್ತದೆ. ಇದಕ್ಕೆ ಎಂತ ನಮಸ್ಕಾರ?" ಎನ್ನುತ್ತಿದ್ದರು.

ದಸರೆಯ ಸಮಯದಲ್ಲಿ, ಆಯುಧಗಳಿಗೆ ಪೂಜೆ ಮಾಡುವ ದಿನ, ನಮ್ಮ ವಿಭಾಗದ ಮುಖ್ಯಸ್ಥರಾದ ಗುಪ್ತೆ ಸಾಹೇಬರು ಚೆಂಡುಹೂವಿನ ಮಾಲೆ ತಂದು ಕಂಪ್ಯೂಟರಿನ ಕಾರ್ಡ್ ರೀಡರಿನ ಮೇಲೆ ಹಾಕಿದರು. ವಾರಿಜಾಕ್ಷಿ ಎದ್ದು ಹೋಗಿ ಮಾಲೆ ತೆಗೆದು ಬಾಗಿಲಿಗೆ ಕಟ್ಟಿದರು. "ಎಸಳು ಒಳಗೆ ಹೋದರೆ ದೇವಿ ಬಂದು ತೆಗೆಯುವುದಿಲ್ಲ ಸಾಹೇಬ, ಮುಂಬಯಿಯಿಂದ ಎಂಜಿನಿಯರ್ ಬರಬೇಕು" ಎಂದರು. ಗುಪ್ತೆಯವರು ನಕ್ಕರು. ಆ ದಿನಗಳಲ್ಲಿ ಅವರಿಬ್ಬರ ನಡುವೆ ಇನ್ನೂ ನಗು ಇತ್ತು.

ನಾನು ಕಂಡ ಮೊದಲ ಪ್ರೋಗ್ರಾಮರ್ ವಾರಿಜಾಕ್ಷಿ. ಉಡುಪಿ ಕಡೆಯ ಕುಟುಂಬ. ಅವರ ತಂದೆ ದೇವದಾಸ ಅವರಿಗೆ ನಾಸಿಕ ರೋಡ್ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲಿತ್ತು. ಮಗಳು ಗಣಿತದಲ್ಲಿ ಬಿ.ಎಸ್ಸಿ. ಮಾಡಿದ ಮೇಲೆ ಮದುವೆ ಮಾಡಿ ಊರಿಗೆ ಕಳಿಸಬೇಕೆಂದು ತಂದೆಗಿತ್ತು. ಮಗಳು ಪತ್ರಿಕೆಯಲ್ಲಿ ಜಾಹೀರಾತು ನೋಡಿ, ಮನೆಯಲ್ಲಿ ಹೇಳದೆ ನಮ್ಮ ಕಂಪನಿಯ ಪರೀಕ್ಷೆ ಬರೆದು ಬಂದರು. ಆಯ್ಕೆಯಾದ ಮೇಲೆ ಮುಂಬಯಿಗೆ ತರಬೇತಿಗೆ ಹೋಗಬೇಕೆಂದಾಗ ದೇವದಾಸ ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ರೈಲು ಹತ್ತಿಸಲು ಹೋದರು.

ನನ್ನ ಊರು ಬೀದರ ಜಿಲ್ಲೆಯ ಔರಾದ ತಾಲೂಕಿನ ಒಂದು ಹಳ್ಳಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜು ಕಂಡಿರಲಿಲ್ಲ. ಔರಂಗಾಬಾದದಲ್ಲಿ ಓದಿ ಪದವಿ ಪಡೆದು, ಕಂಪ್ಯೂಟರ್ ಎಂದರೇನು ಎಂದು ತಿಳಿಯದೆಯೇ ಈ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ವಾರಿಜಾಕ್ಷಿ ಕೇಳಿದ್ದು ಒಂದೇ ಪ್ರಶ್ನೆ. ಚಹಾ ಮಾಡುವುದು ಹೇಗೆಂದು, ಚಹಾವನ್ನೇ ನೋಡದವನಿಗೆ ಹೇಳಿದಂತೆ ಹೇಳು ಎಂದರು. ನಾನು ನೀರಿನಿಂದ ಶುರು ಮಾಡಿದೆ. "ಪಾತ್ರೆ ಎಲ್ಲಿಂದ ಬಂತು?" ಎಂದರು. ಪಾತ್ರೆಯಿಂದ ಶುರು ಮಾಡಿದೆ. "ಒಲೆ ಹೊತ್ತಿಸಿದವರು ಯಾರು?" ಎಂದರು. ನಾನು ಸೋಲದೆ ಮತ್ತೆ ಮತ್ತೆ ಮೊದಲಿನಿಂದ ಹೇಳಿದೆನಂತೆ. ಅದಕ್ಕೇ ತೆಗೆದುಕೊಂಡೆ ಎಂದು ಆಮೇಲೆ ಹೇಳಿದರು.

ಆಗಿನ ಕೆಲಸದ ರೀತಿ ಇಂದಿನವರಿಗೆ ಹೇಳಿದರೆ ನಂಬುವುದಿಲ್ಲ. ಪ್ರೋಗ್ರಾಮನ್ನು ಪೆನ್ಸಿಲಿನಿಂದ ದೊಡ್ಡ ಹಾಳೆಯ ಮೇಲೆ ಬರೆಯಬೇಕು. ಪಂಚ್ ಕೋಣೆಯ ಹುಡುಗಿಯರು ಅದನ್ನು ನೋಡಿಕೊಂಡು ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ. ಒಂದು ಕಾರ್ಡಿನಲ್ಲಿ ಎಂಬತ್ತು ಕಾಲಂ. ಒಂದು ಕಾಲಮ್ಮಿನಲ್ಲಿ ಒಂದು ಅಕ್ಷರ ಅಥವಾ ಒಂದು ಅಂಕೆ, ಅಷ್ಟೇ. ಕಾರ್ಡುಗಳನ್ನು ಜೋಡಿಸಿ ರೀಡರಿಗೆ ಹಾಕಿದರೆ ಯಂತ್ರ ಓದುತ್ತದೆ. ತಪ್ಪಿದ್ದರೆ ಮತ್ತೆ ಪೆನ್ಸಿಲು, ಮತ್ತೆ ತೂತು, ಯಂತ್ರದ ಮುಂದೆ ಮತ್ತೆ ಸರದಿ. ಹಾಗಾಗಿ ವಾರಿಜಾಕ್ಷಿ ನಮಗೆ ಮೊದಲು ಕಲಿಸಿದ್ದು ಬೆರಳಿಟ್ಟು ಓದುವುದನ್ನು. ಹಾಳೆಯ ಮೇಲೆ ಬೆರಳಿಟ್ಟು, ನೀನೇ ಯಂತ್ರವೆಂದು ತಿಳಿದು, ಒಂದೊಂದು ಸಾಲಿಗೂ ಏನಾಗುತ್ತದೆಂದು ಬಾಯಿಬಿಟ್ಟು ಹೇಳಬೇಕು. "ನಿನಗೆ ಗೊತ್ತಿರುವುದು ಯಂತ್ರಕ್ಕೂ ಗೊತ್ತುಂಟು ಅಂತ ಎಣಿಸಬೇಡ ಮಾರಾಯ. ಅದಕ್ಕೆ ನೀನು ಕೊಟ್ಟಷ್ಟೇ ಗೊತ್ತು." ಕಾರ್ಡಿನ ಕಟ್ಟಿನ ಬದಿಗೆ ಓರೆಯಾಗಿ ಒಂದು ಗೀಟು ಎಳೆಯುವುದನ್ನೂ ಅವರೇ ಕಲಿಸಿದರು. ಕಟ್ಟು ಕೈಜಾರಿ ಬಿದ್ದರೆ ಆ ಗೀಟನ್ನು ನೋಡಿ ಮತ್ತೆ ಜೋಡಿಸಬಹುದು.

ಕಂಪನಿಗೆ ಎರಡು ಕಾರ್ಖಾನೆಗಳಿದ್ದವು. ಒಂದು ನಾಸಿಕದಲ್ಲಿ, ಇನ್ನೊಂದು ಔರಂಗಾಬಾದದ ಹೊರಗೆ ಚಿಕಲಠಾಣೆಯಲ್ಲಿ. ಕಾರ್ಮಿಕ ಸಂಘದವರಿಗೆ ಮೊದಲಿನಿಂದಲೂ ಕಂಪ್ಯೂಟರ್ ಬೇಡವಾಗಿತ್ತು. ಯಂತ್ರ ಬಂದರೆ ಮನುಷ್ಯರ ಕೆಲಸ ಹೋಗುತ್ತದೆ ಎಂದು ಆಗ ದೇಶದ ಹಲವು ಕಡೆ ಚಳವಳಿ ನಡೆದಿತ್ತು. ಯಾರ ಕೆಲಸವೂ ಹೋಗುವುದಿಲ್ಲ ಎಂದು ಆಡಳಿತದವರು ಮಾತು ಕೊಟ್ಟು ಯಂತ್ರ ತಂದಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಎರಡೂ ಕಾರ್ಖಾನೆಗಳ ಕಾರ್ಮಿಕರ ವಯಸ್ಸು ಮತ್ತು ಸೇವೆಯನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬೇಕಾಯಿತು. ವಾರಿಜಾಕ್ಷಿ ಬರೆದರು. ಹುಟ್ಟಿದ ವರ್ಷಕ್ಕೆ ಕಾರ್ಡಿನಲ್ಲಿ ಎರಡು ಕಾಲಂ ಕೊಟ್ಟರು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. 'ಹತ್ತೊಂಬತ್ತು' ಎಲ್ಲರಿಗೂ ಒಂದೇ ಆದಮೇಲೆ ಅದಕ್ಕೆ ಜಾಗವೇಕೆ? ಮೂವತ್ತೆಂಟು ಎಂದು ಹೊಡೆದರೆ ಸಾವಿರದ ಒಂಬೈನೂರ ಮೂವತ್ತೆಂಟು. ಹದಿನೆಂಟು ತುಂಬದೆ ಕೆಲಸಕ್ಕೆ ಸೇರಿದವರಿದ್ದರೆ ಅವರ ಹೆಸರನ್ನು ಬೇರೆಯಾಗಿ ಅಚ್ಚು ಮಾಡಬೇಕೆಂದೂ ಆಡಳಿತ ಕೇಳಿತ್ತು.

ಅಂಥವರು ಒಬ್ಬಿಬ್ಬರು ಇದ್ದಾರೆಂದುಕೊಂಡಿದ್ದೆವು. ಯಂತ್ರ ಒಂದು ಹಾಳೆಯ ತುಂಬ ಹೆಸರುಗಳನ್ನು ಕೊಟ್ಟಿತು.

ಗುಪ್ತೆಯವರಿಗೆ ಹಿಡಿಸಲಾರದಷ್ಟು ಸಂತೋಷ. ಆ ಕೋಣೆಯಲ್ಲಿ ಮಾತೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನೋಡಿದಿರಾ? ಇಷ್ಟು ವರ್ಷ ಗುಮಾಸ್ತರ ಕಣ್ಣಿಗೆ ಬೀಳದ್ದು ನಮ್ಮ ಯಂತ್ರಕ್ಕೆ ಒಂದು ಬೆಳಿಗ್ಗೆಯಲ್ಲಿ ಸಿಕ್ಕಿತು. ಇವರೆಲ್ಲ ಸುಳ್ಳು ವಯಸ್ಸು ಹೇಳಿ ಸೇರಿದ ಪೋರರು!"

ಅವರು ಆ ಹಾಳೆಯನ್ನು ಆ ದಿನವೇ ಡೈರೆಕ್ಟರರಿಗೆ ಕಳಿಸಿದರು. ವಾರ ಕಳೆಯುವುದರೊಳಗೆ ಹಾಳೆಯಲ್ಲಿದ್ದವರಿಗೆಲ್ಲ ನೋಟೀಸು ಹೋಯಿತು. ಸುಳ್ಳು ವಯಸ್ಸು ಹೇಳಿ ಸೇರಿದ್ದರಿಂದ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು, ತಿಂಗಳ ಕೊನೆಯೊಳಗೆ ಉತ್ತರ ಕೊಡಿ ಎಂದು.

ವಾರಿಜಾಕ್ಷಿಗೆ ಸಂತೋಷವಾಗಿರಲಿಲ್ಲ. ಹಾಳೆಯ ಒಂದು ಪ್ರತಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು.

"ಶಿವರಾಯ, ಇಲ್ಲಿ ನೋಡು. ನಾಸಿಕದವ ಒಬ್ಬನೂ ಇಲ್ಲ. ಎಲ್ಲ ಔರಂಗಾಬಾದ್. ಅಲ್ಲಿಯವರು ಮಾತ್ರ ಸುಳ್ಳು ಹೇಳುವವರಾ?"

"ಗೊತ್ತಿಲ್ರಿ ಅಕ್ಕಾರ" ಎಂದೆ.

ಅವರು ಪ್ರೋಗ್ರಾಮಿನ ಮೇಲೆ ಮತ್ತೆ ಬೆರಳಿಟ್ಟು ಓದಿದರು. ನನ್ನಿಂದಲೂ ಓದಿಸಿದರು. ತಪ್ಪು ಸಿಗಲಿಲ್ಲ. ಔರಂಗಾಬಾದದಿಂದ ಬಂದ ಅಂಕೆಗಳಿಗೂ ಕಾರ್ಡಿನ ತೂತುಗಳಿಗೂ ತಾಳೆ ನೋಡಿದೆವು. ಅಲ್ಲಿಯೂ ತಪ್ಪಿರಲಿಲ್ಲ.

"ಪ್ರೋಗ್ರಾಂ ಸರಿಯಿದೆ, ಕಾರ್ಡೂ ಸರಿಯಿದೆ ಎಂದಮೇಲೆ ತಪ್ಪು ಆ ಮನುಷ್ಯರದೇ" ಎಂದರು ಗುಪ್ತೆ.

"ಆ ಮನುಷ್ಯರನ್ನು ನಾನು ನೋಡಿಲ್ಲ ಸಾಹೇಬ. ನೋಡಿ ಬಂದು ಹೇಳುತ್ತೇನೆ."

"ಪ್ರೋಗ್ರಾಮರ್ ಕಾರ್ಖಾನೆಯ ಗೇಟಿಗೆ ಹೋಗುವುದೇ? ಯಾರೂ ಹೋಗಿಲ್ಲ."

"ಅದಕ್ಕೇ ಹೀಗಾಗಿದೆಯೋ ಏನೋ" ಎಂದು ವಾರಿಜಾಕ್ಷಿ ರಜೆಯ ಚೀಟಿ ಬರೆದಿಟ್ಟರು. ನನಗೆ ಆ ಊರು ಪರಿಚಯವಿದ್ದುದರಿಂದ ನನ್ನನ್ನೂ ಹೊರಡಿಸಿದರು.

ಕೆಂಪು ಎಸ್.ಟಿ. ಬಸ್ಸು ಯೇವಲೆ ದಾಟಿ ವೈಜಾಪುರದಲ್ಲಿ ಚಹಾಕ್ಕೆ ನಿಂತಿತು. ಸ್ಟ್ಯಾಂಡಿನ ತುಂಬ ಸಂತೆಗೆ ಬಂದವರು, ಕೋಳಿ ಬುಟ್ಟಿಗಳು, ಬಸ್ಸಿನ ಮೇಲೆ ಮೂಟೆ ಏರಿಸುವವರ ಕೂಗಾಟ. ವಾರಿಜಾಕ್ಷಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದನ್ನು ಚಹಾ ಅಂತ ಕೊಟ್ಟರೆ ನಮ್ಮ ಅಪ್ಪ ಹೋಟೆಲು ಮುಚ್ಚಿ ಸನ್ಯಾಸಿ ಆಗ್ತಿದ್ರು" ಎಂದರು. ಆಮೇಲೆ ಔರಂಗಾಬಾದ ಬರುವವರೆಗೂ ಹಾಳೆಯ ಹೆಸರುಗಳನ್ನೇ ಮತ್ತೆ ಮತ್ತೆ ಓದಿದರು.

ಚಿಕಲಠಾಣೆಯ ಗೇಟಿನ ಮುಂದೆ ನಾವು ನಿಂತಾಗ ಪಾಳಿ ಬಿಡುವ ಹೊತ್ತು. ನಾವು ನಾಸಿಕದ ಕಂಪ್ಯೂಟರಿನವರು ಎಂದು ವಾಚ್‌ಮನ್ನನಿಗೆ ಹೇಳಿದ್ದೇ ತಪ್ಪಾಯಿತು. ಸುದ್ದಿ ನಮಗಿಂತ ಮುಂದೆ ಓಡಿತು. "ಕಂಪ್ಯೂಟರ್‌ವಾಲಿ ಬಾಯಿ ಬಂದಾಳ" ಎಂದು ಯಾರೋ ಕನ್ನಡದಲ್ಲಿಯೇ ಕೂಗಿದರು. ಬೀದರ, ಗುಲ್ಬರ್ಗಾ ಕಡೆಯಿಂದ ಬಂದವರು ಅಲ್ಲಿ ಬಹಳ ಮಂದಿ ಕೆಲಸಕ್ಕಿದ್ದರು. ಕೂಗಿದವನ ಹೆಸರು ರೇವಣಪ್ಪ ಎಂದು ತಿಳಿದಾಗ ವಾರಿಜಾಕ್ಷಿ ನನ್ನ ಮುಖ ನೋಡಿದರು. ಆ ಹೆಸರು ಹಾಳೆಯಲ್ಲಿತ್ತು. ಯಂತ್ರದ ಪ್ರಕಾರ ಅವನು ಕಾರ್ಖಾನೆ ಸೇರಿದ್ದು ಅರವತ್ತಮೂರರಲ್ಲಿ, ಹದಿನಾರನೆಯ ವಯಸ್ಸಿಗೆ. ಈಗ ಅವನಿಗೆ ಇಪ್ಪತ್ತೈದು ಇರಬೇಕಿತ್ತು.

ನಮ್ಮೆದುರು ನಿಂತಿದ್ದವನ ಮೀಸೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲಿತ್ತು. ಗಟ್ಟಿ ಆಳು, ಲೇತ್ ಯಂತ್ರದ ಎಣ್ಣೆ ಮೆತ್ತಿದ ಕೈ.

"ನಮಸ್ಕಾರ್ರೀ ಬಾಯಿ. ನಿಮ್ಮ ಮಷೀನ್ ಹೇಳಿದ ಪೋರ ನಾನೇ. ಚಾಕಲೇಟ್ ಏನರ ತಂದೀರೇನು?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ವಾರಿಜಾಕ್ಷಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ನಿಮ್ಮ ಹತ್ತಿರ ಮಾತಾಡ್ಲಿಕ್ಕೇ ಬಂದದ್ದು. ನಿಮಗೆ ವಯಸ್ಸೆಷ್ಟು?"

"ನನ್ನ ದೊಡ್ಡ ಮಗಳಿಗಿ ಹದಿಮೂರು ನಡೀಲತ್ತದ. ನಿಮ್ಮ ಮಷೀನ್ ಲೆಕ್ಕ ಹಿಡದ್ರ ಹನ್ನೆರಡು ವರ್ಷದ ಪೋರಗ ಮಗಳ್ ಹುಟ್ಯಾಳ. ಅದ್ಕೂ ಒಂದ್ ನೋಟೀಸ್ ಕಳಸ್ರಿ!"

ಮತ್ತೆ ನಗು. ರೇವಣಪ್ಪನ ದನಿ ಮಾತ್ರ ಬದಲಾಯಿತು. "ನಗಲತ್ತೀವಿ ಖರೆ ಬಾಯಿ, ತಿಂಗಳ ಕಡೀಕ ಹೊರಗ ಹಾಕಿದ್ರ ನಾ ಎಲ್ಲಿಗಿ ಹೋಗ್ಲಿ? ಸುಳ್ಳು ಹೇಳಿ ಸೇರ್ಯಾನ ಅಂತ ಕಾಗದದಾಗ ಬರದ ಮ್ಯಾಲ ಮತ್ತ್ ಯಾವ ಕಾರ್ಖಾನಿಯವ್ರು ನನ್ನ ಒಳಗ ಬಿಡ್ತಾರ?"

"ನೀವು ಹುಟ್ಟಿದ ವರ್ಷ ಎಷ್ಟು ಅಂತ ಕೊಟ್ಟಿದ್ರಿ?"

"ಸೈಂತಾಲೀಸ್."

"ನಲವತ್ತೇಳು. ಸರಿ. ನಮ್ಮ ಕಾರ್ಡಿನಲ್ಲೂ ನಲವತ್ತೇಳೇ ಉಂಟು. ಸಾವಿರದ ಒಂಬೈನೂರ ನಲವತ್ತೇಳು ಅಂದರೆ..."

"ಒಂಬೈನೂರ ಎಲ್ಲಿಂದ ತಂದ್ರಿ?" ರೇವಣಪ್ಪ ಅಡ್ಡ ಬಾಯಿ ಹಾಕಿದ. "ತೇರಾ ಸೌ ಸೈಂತಾಲೀಸ್. ಸಾಲ್ಯಾಗ ಹಂಗೇ ಬರದಾರ. ರಜಾಕಾರರ ಗದ್ದಲ ಆದಾಗ ನಾ ಎಮ್ಮಿ ಕಾಯ್ಲತ್ತಿದ್ದೆ, ತೊಟ್ಟಿಲದಾಗ ಮಲಗಿದ್ದಿಲ್ಲ."

ವಾರಿಜಾಕ್ಷಿ ನನ್ನ ಕಡೆ ತಿರುಗಿದರು. ಹದಿಮೂರು ನೂರ ನಲವತ್ತೇಳು ಎಂಬ ವರ್ಷ ಅವರಿಗೆ ಅರ್ಥವೇ ಆಗಿರಲಿಲ್ಲ. ನನಗೆ ಆಗಿತ್ತು. ಬೀದರ, ಗುಲ್ಬರ್ಗಾ, ಔರಂಗಾಬಾದ ಎಲ್ಲ ನಿಜಾಮನ ಸೀಮೆಯಾಗಿದ್ದ ಕಾಲದಲ್ಲಿ ಕಚೇರಿಗೂ ಶಾಲೆಗೂ ಫಸಲಿ ವರ್ಷ ನಡೆಯುತ್ತಿತ್ತು. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. ರೇವಣಪ್ಪ ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತೇಳರಲ್ಲೋ ಮೂವತ್ತೆಂಟರಲ್ಲೋ. ಔರಂಗಾಬಾದದ ಗುಮಾಸ್ತರಿಗೆ ಇದು ಹೊಸದೇನಲ್ಲ, ಅವರ ಅಪ್ಪಂದಿರ ವಯಸ್ಸೂ ಫಸಲಿಯಲ್ಲೇ ಇತ್ತು. ನಾವು ವರ್ಷಕ್ಕೆ ಎರಡೇ ಕಾಲಂ ಕೊಟ್ಟೆವು, ಅವರು ದಾಖಲೆಯ ಕೊನೆಯ ಎರಡು ಅಂಕೆ ಬರೆದು ಕಳಿಸಿದರು. ನಾಸಿಕ ಹಿಂದೆ ಮುಂಬಯಿ ಪ್ರಾಂತದಲ್ಲಿದ್ದ ಊರು. ಅಲ್ಲಿ ಯಾರಿಗೂ ಫಸಲಿಯ ಗಾಳಿಯೇ ತಾಕಿರಲಿಲ್ಲ.

ನಾನು ಇದನ್ನೆಲ್ಲ ಹೇಳುವಾಗ ವಾರಿಜಾಕ್ಷಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಹದಿಮೂರನ್ನು ಅವರು ಎಲ್ಲಿ ಬರೆಯುವುದು? ನಾನು ಜಾಗವನ್ನೇ ಕೊಡಲಿಲ್ಲ" ಎಂದರು. ನಂತರ ಎದ್ದು ರೇವಣಪ್ಪನಿಗೆ ಹೇಳಿದರು. "ನೀವು ಸುಳ್ಳು ಹೇಳಲಿಲ್ಲ. ಆ ಪ್ರೋಗ್ರಾಂ ಬರೆದವಳು ನಾನು. ತಪ್ಪು ನನ್ನದು. ಇದನ್ನು ನಾಸಿಕದಲ್ಲಿ ಹೇಳ್ತೇನೆ. ಅವರು ಕೇಳದಿದ್ದರೆ ಇಲ್ಲಿಗೇ ಬಂದು ಎಲ್ಲರ ಮುಂದೆ ಹೇಳ್ತೇನೆ."

"ಹೇಳ್ತೀರಿ ಖರೆ, ನಿಮ್ಮ ಸಾಹೇಬ್ರು ಹೇಳ್ಲಾಕ ಬಿಡಬೇಕಲ್ಲ?" ಎಂದ ರೇವಣಪ್ಪ.

ಸಾಹೇಬರು ಬಿಡಲಿಲ್ಲ. ಮರುದಿನ ನಾಸಿಕದಲ್ಲಿ ವಾರಿಜಾಕ್ಷಿ ಹೇಳಿದ್ದನ್ನೆಲ್ಲ ಗುಪ್ತೆಯವರು ಕಿವಿಗೊಟ್ಟು ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ತೆಗೆದು ಕಣ್ಣೊರಸಿಕೊಂಡು, "ಔರಂಗಾಬಾದದ ಗುಮಾಸ್ತ ತಪ್ಪು ತುಂಬಿದ್ದಾನೆ ಎಂದು ಬರೆಯೋಣ" ಎಂದರು.

"ಅವನು ತಪ್ಪು ತುಂಬಲಿಲ್ಲ. ಎರಡು ಅಂಕೆ ಕೇಳಿದೆವು, ಎರಡು ಕೊಟ್ಟ."

"ಹಾಗಾದರೆ ಸುಮ್ಮನಿರಿ. ನೋಟೀಸಿಗೆ ಒಬ್ಬೊಬ್ಬರೇ ಉತ್ತರ ಕೊಡಲಿ. ಶಾಲೆಯ ದಾಖಲೆ ತಂದು ತೋರಿಸಿದವರನ್ನು ಬಿಟ್ಟುಬಿಡುತ್ತಾರೆ."

"ತೋರಿಸಲಾಗದವರು? ಶಾಲೆಯೇ ಮುಚ್ಚಿಹೋದವರು?"

ಗುಪ್ತೆ ದನಿ ತಗ್ಗಿಸಿದರು. "ವಾರಿಜಾಕ್ಷಿಬಾಯಿ, ಸ್ವಲ್ಪ ಯೋಚಿಸಿ. ಯಂತ್ರ ತಪ್ಪು ಮಾಡಿತು ಎಂದು ನಾವೇ ಹೇಳಿದರೆ ಸಂಘದವರು ಅದನ್ನೇ ಹಿಡಿದು ಯಂತ್ರ ತೆಗೆಸುತ್ತಾರೆ. ಯಂತ್ರ ಮುಂಬಯಿಗೆ ವಾಪಸು ಹೋದರೆ ನಾನು, ನೀವು, ಈ ಪಂಚ್ ಕೋಣೆಯ ಹುಡುಗಿಯರು, ಎಲ್ಲರೂ ಮನೆಗೆ."

"ಹೋಗಲಿ. ದುಡಿಯುವವರನ್ನು ಸುಳ್ಳರು ಎಂದು ಕರೆದು ಉಳಿಯಬೇಕಾದ ಯಂತ್ರ ನನಗೆ ಬೇಡ."

"ನಿಮಗೆ ಬೇಡವಾಗಬಹುದು, ನನಗೆ ಮೂವರು ಮಕ್ಕಳಿದ್ದಾರೆ."

"ರೇವಣಪ್ಪನಿಗೂ ಮಕ್ಕಳಿದ್ದಾರೆ" ಎಂದು ವಾರಿಜಾಕ್ಷಿ ಹೊರಬಂದರು.

ಅವರಿಗೆ ಭಯವಿರಲಿಲ್ಲ ಎಂದು ನಾನು ಹೇಳಲಾರೆ. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಹಾಗೇ ವಾಪಸು ಒಯ್ದರು. ತಮ್ಮ ಸಂಬಳ ನಿಂತರೆ ತಂದೆ ಮತ್ತೆ ಮದುವೆಯ ಮಾತು ತೆಗೆಯುತ್ತಾರೆ, ಊರಿಗೆ ಕಳಿಸುತ್ತಾರೆ ಎಂದೂ ಅವರಿಗೆ ಗೊತ್ತಿತ್ತು. ಆದರೂ ಶನಿವಾರ ಅವರು ಮತ್ತೆ ಔರಂಗಾಬಾದದ ಬಸ್ಸು ಹತ್ತಿದರು. ನಾನು ಜೊತೆಗಿದ್ದೆ.

ಗೇಟಿನ ಮುಂದೆ ಬೇವಿನ ಮರದ ಕೆಳಗೆ ಸಂಘದ ಸಭೆ. ನೋಟೀಸು ಬಂದವರೂ ಬಾರದವರೂ ಸೇರಿ ರಸ್ತೆಯವರೆಗೆ ಜನ. ರೇವಣಪ್ಪ ಒಂದು ಮರದ ಪೆಟ್ಟಿಗೆ ತಂದಿಟ್ಟ. ವಾರಿಜಾಕ್ಷಿ ಅದರ ಮೇಲೆ ಹತ್ತಿ ನಿಂತು ಮರಾಠಿಯಲ್ಲಿ ಮೊದಲು ಹೇಳಿದ್ದು, "ಚೂಕ ಮಾಝೀ ಆಹೇ." ತಪ್ಪು ನನ್ನದು. ಆಮೇಲೆ ಎರಡು ಕಾಲಂ, ಹದಿಮೂರು, ಹತ್ತೊಂಬತ್ತು, ಎಲ್ಲವನ್ನೂ ಯಾರಿಗಾದರೂ ತಿಳಿಯುವ ಹಾಗೆ ಹೇಳಿದರು. ಚಹಾವನ್ನೇ ನೋಡದವನಿಗೆ ಚಹಾ ಮಾಡುವುದನ್ನು ಹೇಳಿದ ಹಾಗಿತ್ತು.

"ಹಾಗಾದರೆ ಆ ಯಂತ್ರ ತೆಗೆಯಿರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ತೆಗೆಸುವ ಶಕ್ತಿ ನಿಮಗಿದ್ದರೆ ತೆಗೆಸಿ. ನಾನು ಅಡ್ಡ ಬರುವುದಿಲ್ಲ. ಆದರೆ ಅದಕ್ಕಿಂತ ಮೊದಲು ನಿಮ್ಮ ವಯಸ್ಸನ್ನು ಸರಿ ಮಾಡಿಸಿಕೊಳ್ಳಿ. ಇವತ್ತು ಯಂತ್ರ ಹೋದರೂ ನೋಟೀಸು ಹೋಗುವುದಿಲ್ಲ."

ಆಗ ಮುಂದೆ ಕೂತಿದ್ದ ಮುದ್ದಣ್ಣ ಎಂಬ ಹಿರಿಯ ಕಾರ್ಮಿಕ ಎದ್ದ. ಗುಲ್ಬರ್ಗಾ ಕಡೆಯವನು. ಕನ್ನಡದಲ್ಲಿ ಕೇಳಿದ. "ಬಾಯಿ, ನಂದು ಫಸಲಿ ತೇರಾ ಸೌ ತೀಸ್. ನನಗ ನೋಟೀಸ್ ಬಂದಿಲ್ಲ. ನಿಮ್ಮ ಮಷೀನಿನಾಗ ನಾ ಎಷ್ಟರವ ಆಗೀನಿ?"

"ಅದು ಸಾವಿರದ ಒಂಬೈನೂರ ಮೂವತ್ತು ಅಂತ ಓದಿದೆ. ನಲವತ್ತೆರಡು" ಎಂದರು ವಾರಿಜಾಕ್ಷಿ.

"ಖರೆ ಅಂದ್ರ ಐವತ್ತೆರಡು ಆಗ್ಯಾವ. ಹಂಗಾದ್ರ ನಂದು ಮುಟ್ಟಬ್ಯಾಡ್ರಿ, ಹಂಗೇ ಇರ್ಲಿ. ನೌಕರಿ ಹತ್ತ್ ವರ್ಷ ಹೆಚ್ಚು ನಡೀತದ. ಮನ್ಯಾಗ ಹೆಂಡ್ತಿಗೂ ಹೇಳ್ತೀನಿ, ಹರೇದ ಗಂಡ ಸಿಕ್ಕಾನ ಅಂತ."

ಸಭೆಯೆಲ್ಲ ನಕ್ಕಿತು. ಮರಾಠಿಯವರಿಗೆ ಪಕ್ಕದವರು ಹೇಳಿದ ಮೇಲೆ ಇನ್ನೊಮ್ಮೆ ನಕ್ಕಿತು. ವಾರಿಜಾಕ್ಷಿಯೂ ನಕ್ಕರು, ಆದರೆ ತಲೆ ಅಲ್ಲಾಡಿಸಿದರು. "ಇಲ್ಲ ಮುದ್ದಣ್ಣನವರೇ. ರೇವಣಪ್ಪನವರದು ಸರಿಯಾದರೆ ನಿಮ್ಮದೂ ಸರಿ ಆಗ್ತದೆ. ನನ್ನ ತಪ್ಪಿನಲ್ಲಿ ಸಿಹಿ ಭಾಗವನ್ನು ನಿಮಗೆ ಬಿಟ್ಟು ಕಹಿಯನ್ನು ಮಾತ್ರ ತೆಗೆಯಲಿಕ್ಕೆ ಆಗುವುದಿಲ್ಲ."

"ಭಾಳ ಖಡಕ್ ಅದೀರಿ ಬಾಯಿ" ಎಂದು ಮುದ್ದಣ್ಣ ಕೂತ. ಮೊದಲು ಚಪ್ಪಾಳೆ ತಟ್ಟಿದವನೂ ಅವನೇ.

ಸೋಮವಾರದ ಹೊತ್ತಿಗೆ ಸುದ್ದಿ ಡೈರೆಕ್ಟರರ ಕಿವಿ ಮುಟ್ಟಿತ್ತು. ಪ್ರೋಗ್ರಾಂ ಬರೆದವಳೇ ತಪ್ಪೊಪ್ಪಿಕೊಂಡ ಮೇಲೆ ನೋಟೀಸು ಉಳಿಯುವ ಹಾಗಿರಲಿಲ್ಲ. ಮರುಪರಿಶೀಲನೆಯ ನಂತರ ಹಿಂದಕ್ಕೆ ಪಡೆದಿದ್ದೇವೆ ಎಂದು ಒಂದು ಸಾಲಿನ ಕಾಗದ ಗೇಟಿಗೆ ಅಂಟಿತು. ತಪ್ಪು ಯಾರದೆಂದು ಅದರಲ್ಲಿ ಬರೆದಿರಲಿಲ್ಲ. ಯಂತ್ರ ತೆಗೆಯಬೇಕೆಂಬ ಕೂಗು ಕೆಲವು ದಿನ ಜೋರಾಗಿ, ಆಮೇಲೆ ತಣ್ಣಗಾಯಿತು.

ವಾರಿಜಾಕ್ಷಿಗೆ ಅಷ್ಟು ಸಾಕಾಗಲಿಲ್ಲ. ಪ್ರೋಗ್ರಾಂ ಇನ್ನೂ ಹಳೆಯದೇ ಇತ್ತು. ಮುಂದಿನ ವರ್ಷ ಅದನ್ನೇ ಓಡಿಸಿದರೆ ಅದೇ ಹೆಸರುಗಳು ಮತ್ತೆ ಹೊರಬರುತ್ತವೆ. ಔರಂಗಾಬಾದದ ಗುಮಾಸ್ತನೇ ಕೂಡಿಸಿ ಇಂಗ್ಲಿಷ್ ವರ್ಷ ಬರೆದು ಕಳಿಸಲಿ ಎಂದು ಗುಪ್ತೆಯವರು ಸೂಚಿಸಿದರು.

"ಬೇಡ. ಶಾಲೆಯಲ್ಲಿ ಹೇಗೆ ಬರೆದಿದ್ದಾರೋ ಹಾಗೆಯೇ ನಾಲ್ಕೂ ಅಂಕೆ ಕಾರ್ಡಿಗೆ ಬರಲಿ. ಐನೂರ ತೊಂಬತ್ತು ಕೂಡಿಸುವ ಕೆಲಸ ಯಂತ್ರದ್ದು. ಕೂಡಿಸಲಿಕ್ಕೇ ಅಲ್ಲವೇ ಅದನ್ನು ತಂದದ್ದು?"

"ಕಾರ್ಡಿನಲ್ಲಿ ಜಾಗವೆಲ್ಲಿ? ಎಂಬತ್ತೂ ತುಂಬಿವೆ."

ಅದು ನಿಜ. ಹೆಸರು, ತಂದೆಯ ಹೆಸರು, ವಿಭಾಗ, ಸೇರಿದ ದಿನ, ಎಲ್ಲ ಒತ್ತಿ ಒತ್ತಿ ಕೂತಿದ್ದವು. ವಾರಿಜಾಕ್ಷಿ ಒಂದು ಖಾಲಿ ಕಾರ್ಡನ್ನು ಅವರ ಮುಂದಿಟ್ಟು ಕೊನೆಯ ಎರಡು ಕಾಲಂ ಮೇಲೆ ಬೆರಳಿಟ್ಟರು.

ಆ ಎರಡು ಕಾಲಂ ಷರಾಕ್ಕೆ ಮೀಸಲು. ಯಾರು ಎದುರು ಮಾತಾಡುವವನು, ಯಾರು ಸಂಘದ ಸಭೆಯಲ್ಲಿ ಮುಂದೆ ಕೂರುವವನು ಎಂದು ಸೂಪರ್‌ವೈಸರುಗಳು ಗುಟ್ಟಾಗಿ ಒಂದು ಸಂಖ್ಯೆ ಕಳಿಸುತ್ತಿದ್ದರು. ಬಡ್ತಿಯ ಸಮಯದಲ್ಲಿ ಡೈರೆಕ್ಟರರು ಅದನ್ನು ನೋಡುತ್ತಿದ್ದರು. ನಾವೆಲ್ಲರೂ ಅದನ್ನು ಏನೂ ಅನ್ನದೆ ಪಂಚ್ ಮಾಡುತ್ತಿದ್ದೆವು.

"ಇದನ್ನು ತೆಗೆದು ವರ್ಷಕ್ಕೆ ಕೊಡುತ್ತೇನೆ" ಎಂದರು ವಾರಿಜಾಕ್ಷಿ.

"ಅದು ಡೈರೆಕ್ಟರರದು!"

"ಕಾರ್ಡು ಕಾರ್ಮಿಕನದು. ಅವನ ವಯಸ್ಸೋ, ಅವನ ಮೇಲಿನ ಚಾಡಿಯೋ, ಒಂದಕ್ಕೆ ಮಾತ್ರ ಜಾಗ ಉಂಟು."

ಕೊನೆಯ ಮಾತಿನಲ್ಲಿ ಅವರಿಗೇ ತಿಳಿಯದೆ ಮರಾಠಿ ಹೋಗಿ ಊರ ಕನ್ನಡ ಬಂದುಬಿಟ್ಟಿತ್ತು. ಭಾಷೆ ಬಾರದಿದ್ದರೂ ಗುಪ್ತೆಯವರಿಗೆ ಅದು ಅರ್ಥವಾಗಿತ್ತು ಎಂದು ಅವರ ಮುಖದಲ್ಲಿ ಕಾಣುತ್ತಿತ್ತು.

ವಾರಿಜಾಕ್ಷಿ ಅಪ್ಪಣೆಗೆ ಕಾಯಲಿಲ್ಲ. ಹೊಸ ಪ್ರೋಗ್ರಾಂ ಬರೆದರು. ನಾನು ಬೆರಳಿಟ್ಟು ಓದಿದೆ. ಔರಂಗಾಬಾದದಿಂದ ನಾಲ್ಕು ಅಂಕೆಯ ವರ್ಷಗಳನ್ನು ತರಿಸಿದೆವು. ಪಂಚ್ ಕೋಣೆಯ ಹುಡುಗಿಯರು ಹಳೆಯ ಕಾರ್ಡುಗಳನ್ನೆಲ್ಲ ಪಕ್ಕಕ್ಕಿಟ್ಟು ಹೊಸದಾಗಿ ಹೊಡೆದರು. ಯಂತ್ರ ಓಡಿತು. ರೇವಣಪ್ಪನಿಗೆ ಮೂವತ್ತೈದು, ಮುದ್ದಣ್ಣನಿಗೆ ಐವತ್ತೆರಡು. ಬೇರೆಯಾಗಿ ಅಚ್ಚಾಗಬೇಕಿದ್ದ ಹಾಳೆ ಖಾಲಿ ಬಂತು.

ಬಡ್ತಿಯ ಸಮಯ ಬಂದಾಗ ಡೈರೆಕ್ಟರರು ಷರಾ ಕೇಳಿದರು. ಗುಪ್ತೆಯವರು ಮೇಲಿನ ಮಹಡಿಯಿಂದ ಕೆಳಗೆ ಬಂದಾಗ ಮುಖ ಕಪ್ಪಿಟ್ಟಿತ್ತು. "ಆ ಎರಡು ಕಾಲಂ ವಾಪಸು ಕೊಡಬೇಕಂತೆ. ಸಭೆಯಲ್ಲಿ ಮಾತಾಡಿದ್ದಕ್ಕೆ ನೀವು ಕ್ಷಮಾಪಣೆ ಬರೆದುಕೊಡಬೇಕಂತೆ. ಇಲ್ಲದಿದ್ದರೆ ನಿಮ್ಮನ್ನು ತೆಗೆಯುವ ಆದೇಶ ನಾನೇ ಸಿದ್ಧಪಡಿಸಬೇಕಂತೆ."

"ಕ್ಷಮೆ ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಿಯಾಗಿದೆ" ಎಂದರು ವಾರಿಜಾಕ್ಷಿ. "ಕಾಲಂ ಕೊಡುವುದಿಲ್ಲ. ಆದೇಶ ಬರೆಯಿರಿ. ಆದರೆ ಕಾರಣವನ್ನು ಸರಿಯಾಗಿ ಬರೆಯಿರಿ ಸಾಹೇಬ. ಕಾರ್ಮಿಕರು ಹುಟ್ಟಿದ ವರ್ಷವನ್ನು ಪೂರ್ತಿ ಬರೆದಳು, ಅದಕ್ಕೆ ತೆಗೆದಿದ್ದೇವೆ ಎಂದು. ಆ ಕಾಗದವನ್ನು ನಾನೇ ಒಯ್ದು ಗೇಟಿಗೆ ಅಂಟಿಸುತ್ತೇನೆ."

ಗುಪ್ತೆಯವರು ನಮ್ಮೆದುರೇ ಕೂತು ಕಾಗದ ತೆಗೆದರು. ಎರಡು ಸಾಲು ಬರೆದು ಹರಿದರು. ಇನ್ನೊಂದು ತೆಗೆದರು. ಪಂಚ್ ಕೋಣೆಯ ಸದ್ದು ನಿಂತಿತ್ತು, ಹುಡುಗಿಯರು ಬಾಗಿಲಲ್ಲಿ ಬಂದು ನಿಂತಿದ್ದರು. ಏನು ಬರೆದರೂ ಕಾರಣ ಎಂಬ ಜಾಗಕ್ಕೆ ಬಂದಾಗ ಅವರ ಪೆನ್ನು ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಇದಕ್ಕೆ ಕಾರಣ ಬರೆಯಲು ನನ್ನಿಂದ ಆಗುವುದಿಲ್ಲ. ಅವರೇ ಬರೆಯಲಿ" ಎಂದು ಎದ್ದು ಮೇಲಿನ ಮಹಡಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನಮಗೆ ತಿಳಿಯಲಿಲ್ಲ. ಆದೇಶವಂತೂ ಬರಲಿಲ್ಲ. ವಾರಿಜಾಕ್ಷಿಗೆ ಆ ವರ್ಷ ಬಡ್ತಿಯೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅವರು ಕೇಳಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬ ಪ್ರೋಗ್ರಾಮರನ್ನೂ ಮೊದಲ ವಾರದಲ್ಲಿಯೇ ಚಿಕಲಠಾಣೆಯ ಬಸ್ಸಿಗೆ ಹತ್ತಿಸುತ್ತಿದ್ದರು. "ಹೋಗಿ ಜನರನ್ನು ನೋಡಿ ಬಾ. ಆಮೇಲೆ ಪೆನ್ಸಿಲು ಮುಟ್ಟು" ಎನ್ನುತ್ತಿದ್ದರು. ಗುಪ್ತೆಯವರು ಅವರ ರಜೆಯ ಚೀಟಿಗಳಿಗೆ ಏನೂ ಕೇಳದೆ ಸಹಿ ಹಾಕುತ್ತಿದ್ದರು.